ಮಡಚುವ ಚಾಕುವಿಗೆ ಯಾವ ಎಣ್ಣೆ?

ತೋಟಕ್ಕೆ ಹೊರಟ ಬೆಳೆಗಾರರ ಜೇಬಿನಲ್ಲಿ ಮಡಚುವ ಚಾಕು ಇದ್ದರೆ ನೂರು ಕೆಲಸಕ್ಕೆ ಒದಗುತ್ತದೆ. ಆದರೆ ಕೀಲು ಬಿಗಿದ ಚಾಕುವನ್ನು ಒದ್ದೆ ಕೈಯಲ್ಲಿ ಬಲವಂತವಾಗಿ ಬಿಡಿಸಹೋದರೆ ಬೆರಳಿಗೇ ಅಪಾಯ. ಆದ್ದರಿಂದ ಕೀಲಿಗೆ ಎಣ್ಣೆ ಹಾಕುತ್ತೇವೆ. ಯಾವ ಎಣ್ಣೆ ಎಂದು ಮಾತ್ರ ಯೋಚಿಸುವುದಿಲ್ಲ.

ಅಡುಗೆ ಎಣ್ಣೆ ಏಕೆ ಬೇಡ?

ಚಳ್ಳಕೆರೆ ಎಣ್ಣೆಗೆ ಹೆಸರಾದ ಊರು. ಅಲ್ಲಿನ ಶೇಂಗಾ ಎಣ್ಣೆ ಗಿರಣಿಗಳಿಂದ ಬಂದ ಹೆಸರು ಅದು. ಒಗ್ಗರಣೆಗೆ ಒಳ್ಳೆಯದಾದ ಶೇಂಗಾ ಎಣ್ಣೆ ಚಾಕುವಿನ ಕೀಲಿಗೆ ಒಗ್ಗದು. ತೆಳುವಾಗಿ ಹರಡಿದಾಗ ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ಕ್ರಮೇಣ ಅಂಟಾಗುತ್ತದೆ. ಬಾಣಲೆಯ ಹೊರಮೈಗೆ ಕಟ್ಟಿದ ಜಿಡ್ಡನ್ನು ನೋಡಿದವರಿಗೆ ಇದು ತಿಳಿದೀತು. ಅಗಸೆ ಎಣ್ಣೆ ಇನ್ನೂ ಬೇಗ ಒಣಗುತ್ತದೆ. ಅದನ್ನು ಬಣ್ಣಕ್ಕೆ ಬೆರೆಸುವುದೂ ಆ ಗುಣಕ್ಕಾಗಿಯೇ. ಕೊಬ್ಬರಿ ಎಣ್ಣೆ ಅಷ್ಟು ಅಂಟಾಗದಿದ್ದರೂ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಬಳಸಿ ಬಿಟ್ಟ ಇಂಜಿನ್ ಆಯಿಲ್‌ನಲ್ಲಿ ಮಸಿ, ಲೋಹದ ಪುಡಿ ಇರುತ್ತವೆ, ಅದೂ ಬೇಡ.

ಯಾವುದು ಒಳ್ಳೆಯದು?

ಹೊಲಿಗೆ ಯಂತ್ರದ ತೆಳು ಎಣ್ಣೆ ಸಾಕು. ಅದು ಕೀಲಿನೊಳಕ್ಕೆ ಇಳಿಯುತ್ತದೆ, ಅಂಟಾಗುವುದಿಲ್ಲ. ಹಣ್ಣು ಕೊಯ್ಯುವ ಚಾಕುವಾದರೆ ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಬಳಸಿರಿ.

ಹಾಕುವ ಕ್ರಮ

1. ಬಿಸಿನೀರು, ಸಾಬೂನಿನಿಂದ ಕೀಲನ್ನು ತೊಳೆದು ಪೂರ್ತಿ ಒಣಗಿಸಿರಿ.

2. ಕೀಲಿಗೆ ಒಂದು ತೊಟ್ಟು, ಸ್ಪ್ರಿಂಗ್ ಉಜ್ಜುವ ಕಡೆ ಒಂದು ತೊಟ್ಟು ಬಿಡಿರಿ.

3. ಜಾಗ್ರತೆಯಿಂದ ಹತ್ತು ಸಲ ಬಿಚ್ಚಿ ಮಡಚಿ, ಹೊರಬಂದ ಎಣ್ಣೆಯನ್ನು ಬಟ್ಟೆಯಿಂದ ಒರೆಸಿರಿ.

ಚಳ್ಳಕೆರೆ, ಮೊಳಕಾಲ್ಮೂರಿನಂಥ ಒಣ ಸೀಮೆಯಲ್ಲಿ ಈ ಒರೆಸುವುದೇ ಮುಖ್ಯ. ಹೆಚ್ಚಾದ ಎಣ್ಣೆಗೆ ಧೂಳು ಕೂಡಿದರೆ ಸಾಣೆ ಹಿಡಿದಂತೆ ಕೀಲು ಸವೆಯುತ್ತದೆ. ಮಲೆನಾಡಿನ ಮಳೆಗಾಲದಲ್ಲಾದರೋ ತುಕ್ಕಿನ ಭಯ; ಅಲ್ಲಿ ಅಲಗಿಗೂ ತೆಳುವಾಗಿ ಎಣ್ಣೆ ಸವರಬೇಕು. ಹಸಿ ಅಡಿಕೆಯ ಚೊಗರು ಕಬ್ಬಿಣಕ್ಕೆ ತಗುಲಿದರೆ ಕಪ್ಪು ಕಲೆಯಾಗುತ್ತದೆ. ಕೆಲಸ ಮುಗಿದೊಡನೆ ತೊಳೆಯಿರಿ.

ಎಣ್ಣೆ ಇರಬಾರದ ಎರಡು ಕೆಲಸ

ಕಸಿ ಕಟ್ಟುವಾಗ ಅಲಗಿನ ಎಣ್ಣೆ ಗಾಯದ ಮೇಲೆ ಉಳಿದರೆ ಕಸಿ ಕೂಡಲು ಅಡ್ಡಿ. ಮೊದಲು ಸ್ಪಿರಿಟ್‌ನಿಂದ ಒರೆಸಿಕೊಳ್ಳಿರಿ.

ಎರಡನೆಯದು ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಪರೀಕ್ಷೆ. ಚಾಕುವನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು ಎಂದು ಅರ್ಥ. ಅಲಗಿಗೆ ಎಣ್ಣೆ ಮೆತ್ತಿದ್ದರೆ ಆ ಕೆಂಪು ಕಾಣದೆ ಹೋಗಬಹುದು. ದ್ರಾವಣ ಸರಿಯಿದೆಯೆಂದು ನಂಬಿ ಸಿಂಪಡಿಸಿದರೆ ಎಳೆಗಾಯಿ, ಎಲೆ ಸುಟ್ಟಾವು. ತುಕ್ಕು ಹಿಡಿಯದ ಸ್ಟೀಲಿನ ಚಾಕುವನ್ನೂ ಈ ಪರೀಕ್ಷೆಗೆ ನಂಬಬಾರದು. ಸಾದಾ ಉಕ್ಕಿನದೇ ಆಗಬೇಕು. ಪರೀಕ್ಷೆ ಮುಗಿದ ಮೇಲೆ ಚಾಕುವನ್ನು ತೊಳೆದು, ಒಣಗಿಸಿ, ಕೀಲಿಗೆ ಮತ್ತೆ ಒಂದು ತೊಟ್ಟು ಎಣ್ಣೆ ಬಿಟ್ಟು ಇಡಿರಿ.