ಆಗುಂಬೆಯ ಮಳೆ ಎಲ್ಲಿ ಬಿತ್ತು?

ನಮ್ಮ ದೇಶದ ಮಳೆಮಾಪಕಗಳು ಸಮಾನ ಅಂತರದಲ್ಲಿ ಹರಡಿಕೊಂಡಿಲ್ಲ. ಕೆಲವೆಡೆ ಅವು ಒತ್ತಾಗಿವೆ. ಕೆಲವೆಡೆ ತೀರ ವಿರಳ. ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅವುಗಳಲ್ಲಿ ಅಳೆದ ನೀರಿನ ಲೆಕ್ಕದಿಂದಲೇ ಇಡೀ ನಾಡಿನ ಮಳೆಯ ಚಿತ್ರ ಮೂಡಬೇಕು. ಅದಕ್ಕಾಗಿ ಹವಾಮಾನಶಾಸ್ತ್ರಜ್ಞರು ಭೂಪಟದ ಮೇಲೆ ಗೆರೆಗಳ ಬಲೆಯೊಂದನ್ನು ಕಲ್ಪಿಸಿಕೊಳ್ಳುತ್ತಾರೆ. ಅಕ್ಷಾಂಶ ರೇಖಾಂಶಗಳ ಈ ಗೆರೆಗಳು ಒಂದನ್ನೊಂದು ಕಡಿಯುವ ಸ್ಥಾನವೇ ಜಾಲಬಿಂದು. ಹತ್ತಿರದ ಮಾಪಕಕ್ಕೆ ಹೆಚ್ಚು ತೂಕ, ದೂರದ ಮಾಪಕಕ್ಕೆ ಕಡಿಮೆ ತೂಕ ಕೊಟ್ಟು, ಒಂದೊಂದು ಬಿಂದುವಿನ ಮಳೆಯನ್ನೂ ಲೆಕ್ಕ ಹಾಕಲಾಗುತ್ತದೆ.

ಭಾರತ ಹವಾಮಾನ ಇಲಾಖೆಯು 1901ರಿಂದೀಚಿನ ದೈನಂದಿನ ಮಳೆಯನ್ನು ಇಂತಹ ಬಲೆಯೊಂದರಲ್ಲಿ ಅಳವಡಿಸಿದೆ. ಬಿಂದುವಿನಿಂದ ಬಿಂದುವಿಗೆ ಅಂತರ ಕಾಲು ಡಿಗ್ರಿ; ದಕ್ಷಿಣೋತ್ತರವಾಗಿ ಅದು ಸುಮಾರು 28 ಕಿಲೋಮೀಟರಿಗೆ ಸಮ. ಒಂದು ಸಾಲಿಗೆ 135 ಬಿಂದುಗಳಂತೆ 129 ಸಾಲುಗಳು. ಒಟ್ಟು 17,415 ಬಿಂದುಗಳು. ಹಾಗಾದರೆ ಪ್ರತಿಯೊಂದು ಬಿಂದುವಿನ ನಿರ್ದೇಶಾಂಕವನ್ನೂ ಎಲ್ಲಿ ಬರೆದಿಟ್ಟಿದ್ದಾರೆ? ಗಣಕಯಂತ್ರಕ್ಕೆ ಒದಗಿಸುವ ಸಂಖ್ಯೆಗಳ ಕಡತದಲ್ಲಿ ಊರಿನ ಹೆಸರೂ ಇಲ್ಲ, ಅಕ್ಷಾಂಶ ರೇಖಾಂಶಗಳೂ ಇಲ್ಲ. ಮಳೆಯ ಅಂಕಿಗಳು ಒಂದರ ಹಿಂದೊಂದು ಇರುವೆಗಳಂತೆ ಸಾಗುತ್ತವೆ, ಅಷ್ಟೆ. ಕಡತದೊಡನೆ ಬರುವ ಚಿಕ್ಕ ವಿವರಣೆ ಮೊದಲ ಬಿಂದುವಿನ ಸ್ಥಾನ, ಹೆಜ್ಜೆಯ ಅಳತೆ, ಬಿಂದುಗಳ ಸಂಖ್ಯೆ ಇವನ್ನು ಮಾತ್ರ ತಿಳಿಸುತ್ತದೆ. ಮೊದಲ ಬಿಂದು ಉತ್ತರ ಅಕ್ಷಾಂಶ 6.5, ಪೂರ್ವ ರೇಖಾಂಶ 66.5. ಅಲ್ಲಿಂದ ಪೂರ್ವಕ್ಕೆ ಎಣಿಸುತ್ತ ಹೋಗಿ, ಸಾಲು ಮುಗಿದೊಡನೆ ಉತ್ತರಕ್ಕೆ ಒಂದು ಹೆಜ್ಜೆ ಏರಬೇಕು.

ಆಗುಂಬೆಯನ್ನು ಹುಡುಕೋಣ. ಅದಕ್ಕೆ ಅತಿ ಸಮೀಪದ ಬಿಂದು ಅಕ್ಷಾಂಶ 13.5, ರೇಖಾಂಶ 75. ಮೊದಲ ಸಾಲಿನಿಂದ ಅದು 7 ಡಿಗ್ರಿ ಮೇಲಿದೆ, ಎಂದರೆ 28 ಹೆಜ್ಜೆ. ಆದುದರಿಂದ ಅದು 29ನೆಯ ಸಾಲು. ಪೂರ್ವಕ್ಕೆ ಎಂಟೂವರೆ ಡಿಗ್ರಿ, ಎಂದರೆ 34 ಹೆಜ್ಜೆ. ಆದುದರಿಂದ 35ನೆಯ ಬಿಂದು. ಹೆಜ್ಜೆಯೇ ಬೇರೆ, ಬಿಂದುವಿನ ಎಣಿಕೆಯೇ ಬೇರೆ ಎಂಬುದನ್ನು ಮರೆತವರು ಒಂದು ಮನೆ ಆಚೆಗೆ ಬೀಳುತ್ತಾರೆ. ಮುಗಿದ 28 ಸಾಲುಗಳ 3,780 ಬಿಂದುಗಳಿಗೆ 35ನ್ನು ಕೂಡಿಸಿದರೆ ದಿನದ ಪಟ್ಟಿಯಲ್ಲಿ 3,815ನೆಯ ಅಂಕಿಯೇ ನಮಗೆ ಬೇಕಾದುದು.

ಆದರೆ ಎಲ್ಲ ಕಡತಗಳೂ ದಕ್ಷಿಣದಿಂದ ಆರಂಭವಾಗುವುದಿಲ್ಲ. ಉತ್ತರದ ಅಂಚಿನಿಂದ ಕೆಳಗಿಳಿಯುವ ಕಡತಗಳೂ ಉಂಟು. ಆ ಅಭ್ಯಾಸವಿರುವವನು ವಿವರಣೆಯನ್ನು ಓದದೆ ಈ ಬಲೆಯ 29ನೆಯ ಸಾಲನ್ನು ಮೇಲಿನಿಂದ ಎಣಿಸಿದರೆ ಅಕ್ಷಾಂಶ 31.5ಕ್ಕೆ ಬಂದು ನಿಲ್ಲುತ್ತಾನೆ. ಅದು ಪಂಜಾಬಿನ ಅಮೃತಸರದ ಸಮೀಪ! ಘಟ್ಟದ ನೆತ್ತಿಯ ಜಡಿಮಳೆ ಗೋಧಿಯ ನಾಡಿನ ಲೆಕ್ಕಕ್ಕೆ ಸೇರುತ್ತದೆ. ಯಂತ್ರವು ಆಕ್ಷೇಪಿಸುವುದಿಲ್ಲ, ಅದಕ್ಕೆ ಎರಡೂ ಬರಿಯ ಅಂಕಿಗಳೇ. ಕಡಲಿನ ಮೇಲಣ ಬಿಂದುಗಳಲ್ಲಿ, ಅಳತೆಯಿಲ್ಲವೆಂಬುದರ ಗುರುತಾಗಿ, ಋಣ 999 ಎಂಬ ಸಂಖ್ಯೆ ಇರುತ್ತದೆ. ಅದನ್ನೂ ಮಳೆಯೆಂದೇ ಬಗೆದು ಕೂಡಿಸಿದವರಿಗೆ ಸೊನ್ನೆಗಿಂತ ಕಡಿಮೆ ಮಳೆ ದೊರೆತೀತು.

ಸರಿಯಾಗಿ ಎಣಿಸಿದ ಬಳಿಕವೂ ಒಂದು ಮಾತು ಉಳಿಯುತ್ತದೆ. ಅಕ್ಷಾಂಶ 13.5, ರೇಖಾಂಶ 75ರ ಬಿಂದು ಇರುವುದು ಆಗುಂಬೆಯಲ್ಲಲ್ಲ. ಘಟ್ಟದ ಬುಡದಲ್ಲಿ, ಹೆಬ್ರಿಯ ಮಗ್ಗುಲಲ್ಲಿ.