ಬೆಳಕಿನ ಎಳೆಗೊಂದು ವ್ಯಾಕರಣ: ಆಪ್ಟಿಕಲ್ ಫೈಬರ್ ಸಂಪರ್ಕಜಾಲದ ವಿಕಾಸ ಮತ್ತು ಮಾನಕೀಕರಣ

ಪೀಠಿಕೆ

ಸೇರು, ಬಳ್ಳ, ಕೊಳಗಗಳೆಂಬ ಅಳತೆಗಳು ಒಂದು ಕಾಲದಲ್ಲಿ ಸೀಮೆಯಿಂದ ಸೀಮೆಗೆ ಬೇರೆಬೇರೆಯಾಗಿದ್ದುವು. ಒಂದೂರಿನ ಸೇರಿನಲ್ಲಿ ಅಳೆದ ಜೋಳ ಇನ್ನೊಂದೂರಿನ ಸೇರಿಗೆ ಹೊಂದುತ್ತಿರಲಿಲ್ಲ. 1956ರಲ್ಲಿ ಭಾರತದ ಸಂಸತ್ತು ತೂಕ ಮತ್ತು ಅಳತೆಗಳ ಮಾನಕ ಕಾಯಿದೆಯನ್ನು ಅಂಗೀಕರಿಸಿತು. 1958ರಿಂದ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದು ಈ ತೊಡಕು ಕ್ರಮೇಣ ನೀಗಿತು. ಹೊಸ ಅಳತೆಯಿಂದ ಧಾನ್ಯವೇನೂ ಹೆಚ್ಚಲಿಲ್ಲ. ಆದರೆ ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಂಬಿಕೆಗೊಂದು ಆಧಾರ ದೊರೆಯಿತು. ಮಾನದಂಡವೆಂಬುದರ ಪ್ರಯೋಜನ ಇಷ್ಟೆ. ಆದರೆ ಇದು ಸಾಮಾನ್ಯವಾದ ಪ್ರಯೋಜನವಲ್ಲ.

ಇಂದು ಕೂದಲೆಳೆಯಷ್ಟು ತೆಳುವಾದ ಗಾಜಿನ ತಂತುವಿನ ಮೂಲಕ ಬೆಳಕು ಹರಿದು ಮನೆ, ಶಾಲೆ, ಆಸ್ಪತ್ರೆ, ಪಂಚಾಯಿತಿ ಕಚೇರಿಗಳಿಗೆ ಮಾತನ್ನೂ ಚಿತ್ರವನ್ನೂ ಗ್ರಂಥವನ್ನೂ ತಲಪಿಸುತ್ತಿದೆ. ಈ ತಂತುವನ್ನು ಕಂಡುಹಿಡಿದವರ ಕೀರ್ತಿ ಲೋಕವಿದಿತವಾಗಿದೆ. ಆದರೆ ಬೇರೆಬೇರೆ ದೇಶಗಳಲ್ಲಿ ತಯಾರಾದ ಯಂತ್ರಗಳು ಒಂದೇ ತಂತುವಿನ ಎರಡು ತುದಿಗಳಲ್ಲಿ ಕುಳಿತು ಪರಸ್ಪರ ಅರ್ಥಮಾಡಿಕೊಳ್ಳುವಂತೆ ನಿಯಮಗಳನ್ನು ರಚಿಸಿದವರ ಪರಿಶ್ರಮ ಅಷ್ಟಾಗಿ ಬೆಳಕಿಗೆ ಬಂದಿಲ್ಲ. ಆ ವಿಕಾಸವನ್ನು ಸಂಗ್ರಹವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ತಂತುವಿನ ಉದಯ

ಬಾಗಿದ ಮಾಧ್ಯಮದೊಳಗೆ ಬೆಳಕು ಹೊರಚೆಲ್ಲದೆ ಸಾಗಬಲ್ಲದೆಂಬ ಸಂಗತಿ ಹೊಸದಲ್ಲ. ಜಿನೀವಾದ ಡೇನಿಯಲ್ ಕೊಲಾಡನ್ 1840ರ ದಶಕದ ಆರಂಭದಲ್ಲಿಯೇ ಧುಮುಕುವ ನೀರಿನ ಧಾರೆಯೊಳಗೆ ಬೆಳಕನ್ನು ಹಾಯಿಸಿ ಇದನ್ನು ತೋರಿಸಿದ್ದನು. 1954ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಅವರೊಡನೆ ದುಡಿದ, ಪಂಜಾಬಿನ ಮೋಗಾದಲ್ಲಿ ಜನಿಸಿದ ನರೀಂದರ್ ಸಿಂಗ್ ಕಪಾನಿಯವರು ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ ಈ ಶಾಸ್ತ್ರಕ್ಕೆ ಭದ್ರವಾದ ತಳಹದಿ ಹಾಕಿದರು. ಅವರಿಗೆ 2021ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಆದರೆ ಅಂದಿನ ಗಾಜಿನಲ್ಲಿ ಬೆಳಕು ಬಹುಬೇಗ ಕ್ಷಯಿಸುತ್ತಿತ್ತು. ಕ್ಷಯವನ್ನು ಅಳೆಯುವ ಮಾನಕ್ಕೆ ಡೆಸಿಬೆಲ್ ಎಂದು ಹೆಸರು. ಅಂದಿನ ಗಾಜಿನಲ್ಲಿ ಕಿಲೋಮೀಟರಿಗೆ ಸುಮಾರು 1,000 ಡೆಸಿಬೆಲ್ ಕ್ಷಯವಿತ್ತು. ಎಂದರೆ ಪ್ರತಿ 10 ಮೀಟರಿಗೂ ಬೆಳಕು ಹತ್ತನೆಯ ಒಂದು ಪಾಲಿಗೆ ಇಳಿಯುತ್ತಿತ್ತು. 1966ರಲ್ಲಿ ಇಂಗ್ಲೆಂಡಿನ ಹಾರ್ಲೋ ಪಟ್ಟಣದ ಪ್ರಯೋಗಾಲಯವೊಂದರಲ್ಲಿದ್ದ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಅವರು ದೋಷವಿರುವುದು ಗಾಜಿನ ಸ್ವಭಾವದಲ್ಲಲ್ಲ, ಅದರೊಳಗಿನ ಕಲ್ಮಷದಲ್ಲಿ ಎಂದು ಪ್ರತಿಪಾದಿಸಿ, ಕ್ಷಯ 20 ಡೆಸಿಬೆಲ್‌ಗೆ ಇಳಿದರೆ ದೂರಸಂಪರ್ಕ ಸಾಧ್ಯವೆಂದು ಸಾರಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯ ಮೌರರ್, ಕೆಕ್ ಮತ್ತು ಶುಲ್ಟ್ಜ್ ಅವರು 17 ಡೆಸಿಬೆಲ್‌ನ ತಂತುವನ್ನು ನಿರ್ಮಿಸಿ ಆ ಮಾತನ್ನು ನಿಜವಾಗಿಸಿದರು. ಇಂದಿನ ಉತ್ತಮ ತಂತುವಿನಲ್ಲಿ ಕ್ಷಯ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್ ಮಾತ್ರ. 15 ಕಿಲೋಮೀಟರ್ ಸಾಗಿದ ಮೇಲೂ ಅರ್ಧದಷ್ಟು ಬೆಳಕು ಉಳಿದಿರುತ್ತದೆ. ಕಾವೊ ಅವರಿಗೆ 2009ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಲಭಿಸಿತು.

ಕೊನೆಯ ಮೈಲಿಯ ಸಮಸ್ಯೆ

1977ರಲ್ಲಿ ಅಮೆರಿಕದ ಲಾಂಗ್ ಬೀಚ್ ಮತ್ತು ಷಿಕಾಗೋ ನಗರಗಳಲ್ಲಿ ಟೆಲಿಫೋನ್ ಮಾತುಕತೆ ಗಾಜಿನ ತಂತುವಿನಲ್ಲಿ ಹರಿಯಿತು. 1988ರಲ್ಲಿ ಅಟ್ಲಾಂಟಿಕ್ ಸಾಗರದಡಿಯಲ್ಲಿ ಮೊದಲ ತಂತುಮಾರ್ಗ ಸಿದ್ಧವಾಯಿತು. ಹೀಗೆ ಊರಿಂದೂರಿಗೆ, ಖಂಡದಿಂದ ಖಂಡಕ್ಕೆ ಬೆಳಕಿನ ಹೆದ್ದಾರಿ ನಿರ್ಮಾಣವಾಯಿತಾದರೂ, ಟೆಲಿಫೋನ್ ಕೇಂದ್ರದಿಂದ ಮನೆಬಾಗಿಲವರೆಗಿನ ದಾರಿ ಮಾತ್ರ ತಾಮ್ರದ ತಂತಿಯದಾಗಿಯೇ ಉಳಿಯಿತು. ಹೊಳೆ ತುಂಬಿ ಹರಿದರೂ ಗದ್ದೆಗೆ ಬರುವ ಕಾಲುವೆ ಕಿರಿದಾಗಿದ್ದರೆ ರೈತನಿಗೆ ಫಲವಿಲ್ಲವಷ್ಟೆ.

ಮನೆಗಳಿಗೇ ತಂತುವನ್ನು ಒಯ್ಯುವ ಪ್ರಯತ್ನಗಳು ನಡೆಯದೆ ಇರಲಿಲ್ಲ. 1978ರಲ್ಲಿ ಜಪಾನಿನ ಹಿಗಾಶಿ-ಇಕೋಮಾದಲ್ಲಿ ಸುಮಾರು 150 ಮನೆಗಳಿಗೂ, ಅನಂತರ ಕೆನಡಾದ ಎಲೀ ಎಂಬ ಹಳ್ಳಿಯಲ್ಲಿಯೂ ಫ್ರಾನ್ಸಿನ ಬಿಯಾರಿಟ್ಜ್ ಪಟ್ಟಣದಲ್ಲಿಯೂ ಪ್ರಾಯೋಗಿಕವಾಗಿ ತಂತುವನ್ನು ಎಳೆಯಲಾಯಿತು. ಯಂತ್ರಗಳು ಕೆಲಸ ಮಾಡಿದುವು. ಲೆಕ್ಕ ಮಾತ್ರ ಹೊಂದಲಿಲ್ಲ. ಪ್ರತಿ ಮನೆಗೂ ಪ್ರತ್ಯೇಕ ತಂತು, ಕೇಂದ್ರದಲ್ಲಿ ಪ್ರತ್ಯೇಕ ಲೇಸರ್ ಎಂದರೆ ವೆಚ್ಚ ಮಿತಿಮೀರುತ್ತಿತ್ತು. ಒಂದೊಂದು ಪ್ರಯೋಗದ ಯಂತ್ರವೂ ತನ್ನದೇ ವಿಧಾನದ್ದಾಗಿದ್ದುದರಿಂದ ಬೇರೊಂದೆಡೆ ಅದು ಉಪಯೋಗಕ್ಕೆ ಬರುವಂತಿರಲಿಲ್ಲ.

ಹಂಚಿಕೊಳ್ಳುವ ತತ್ತ್ವ

ಇದಕ್ಕೆ ಪರಿಹಾರವಾಗಿ 1980ರ ದಶಕದ ಉತ್ತರಾರ್ಧದಲ್ಲಿ ಬ್ರಿಟಿಷ್ ಟೆಲಿಕಾಂ ಸಂಶೋಧಕರು ಮುಂದಿಟ್ಟ ಕಲ್ಪನೆಯೇ ನಿಷ್ಕ್ರಿಯ ಬೆಳಕಿನ ಜಾಲ, ಅರ್ಥಾತ್ ಪ್ಯಾಸಿವ್ ಆಪ್ಟಿಕಲ್ ನೆಟ್‌ವರ್ಕ್, ಸಂಕ್ಷೇಪವಾಗಿ 'ಪಾನ್'. ಕೇಂದ್ರದಿಂದ ಒಂದೇ ತಂತು ಹೊರಟು, ಬೀದಿಯ ಬದಿಯ ಪೆಟ್ಟಿಗೆಯೊಂದರಲ್ಲಿ 32 ಅಥವಾ 64 ಕವಲುಗಳಾಗಿ ಒಡೆಯುತ್ತದೆ. ಕವಲೊಡೆಸುವ ಸಾಧನಕ್ಕೆ ವಿದ್ಯುತ್ತು ಬೇಡ, ಕಾವಲು ಬೇಡ. ನಿಷ್ಕ್ರಿಯವೆಂಬ ವಿಶೇಷಣ ಇದರಿಂದಲೇ ಬಂದಿತು.

ಹಂಚಿಕೆಗೆ ಬೆಲೆ ತೆರಲೇಬೇಕು. ಬೆಳಕನ್ನು ಎರಡಾಗಿ ಒಡೆದಾಗಲೆಲ್ಲ 3 ಡೆಸಿಬೆಲ್ ಕಡಿಮೆಯಾಗುತ್ತದೆ. 32 ಪಾಲಿಗೆ ಐದು ಸಲ ಒಡೆಯಬೇಕಾದುದರಿಂದ ಲೆಕ್ಕಕ್ಕೆ 15, ವ್ಯವಹಾರದಲ್ಲಿ ಸುಮಾರು 17 ಡೆಸಿಬೆಲ್ ಕ್ಷಯವಾಗುತ್ತದೆ. 20 ಕಿಲೋಮೀಟರ್ ದೂರಕ್ಕೆ ಇನ್ನು ಸುಮಾರು 7 ಸೇರಿಸಿದರೆ ಮೊತ್ತ 24. ಬಹುವಾಗಿ ಬಳಕೆಯಲ್ಲಿರುವ ಒಂದು ದರ್ಜೆಯಲ್ಲಿ 28 ಡೆಸಿಬೆಲ್‌ವರೆಗೆ ಅವಕಾಶವಿರುವುದರಿಂದ, ಬೆಸುಗೆ ಜೋಡಣೆಗಳಿಗೆ ಉಳಿಯುವುದು 4 ಮಾತ್ರ. ಒಂದು ಕೊಳಕಾದ ಜೋಡಣೆ ಒಂದು ಮನೆಯನ್ನೇ ಕತ್ತಲಾಗಿಸಬಲ್ಲದೆಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಕೇಂದ್ರದಿಂದ ಹೊರಟ ಸಂದೇಶ ಎಲ್ಲ ಮನೆಗಳಿಗೂ ಹೋಗುತ್ತದೆ. ಪ್ರತಿ ಮನೆಯ ಯಂತ್ರವೂ ತನ್ನ ವಿಳಾಸವಿದ್ದುದನ್ನು ಮಾತ್ರ ಆರಿಸಿಕೊಳ್ಳುತ್ತದೆ. ಮನೆಗಳಿಂದ ಕೇಂದ್ರದತ್ತ ಬರುವ ಸಂದೇಶದ್ದೇ ಕಷ್ಟ. ಹಲವು ದಾರಿಗಳಿಂದ ಬಂದ ಗಾಡಿಗಳು ಒಂದೇ ಕಿರುಸೇತುವೆಯನ್ನು ದಾಟಬೇಕಾದಾಗ ಸರದಿ ಬೇಕಾಗುವಂತೆ, ಇಲ್ಲಿಯೂ ಒಂದೊಂದು ಮನೆಗೆ ಒಂದೊಂದು ಕ್ಷಣವನ್ನು ಗೊತ್ತುಪಡಿಸಬೇಕು. ಗಾಜಿನೊಳಗೆ ಬೆಳಕಿಗೆ ಒಂದು ಕಿಲೋಮೀಟರ್ ಸಾಗಲು ಸೆಕೆಂಡಿನ ಹತ್ತು ಲಕ್ಷದಲ್ಲಿ 5 ಪಾಲು ಕಾಲ ಹಿಡಿಯುತ್ತದೆ. ಸಮೀಪದ ಮನೆ, ದೂರದ ಮನೆಗಳ ಈ ಅಂತರವನ್ನು ಕೇಂದ್ರವೇ ಮೊದಲು ಅಳೆದು, ಹತ್ತಿರದವನಿಗೆ ತುಸು ಕಾಯುವಂತೆ ಆಜ್ಞಾಪಿಸುತ್ತದೆ. ಈ ಆಜ್ಞೆಯ ಭಾಷೆ ಎರಡು ತುದಿಗಳಿಗೂ ಒಂದೇ ಆಗಿರದಿದ್ದರೆ ಇಡೀ ವ್ಯವಸ್ಥೆ ಕುಸಿಯುತ್ತದೆ. ಮಾನದಂಡದ ಅನಿವಾರ್ಯತೆ ಹುಟ್ಟಿದುದೇ ಇಲ್ಲಿ.

ಎರಡು ಸಂಪ್ರದಾಯಗಳು

1995ರಲ್ಲಿ 7 ದೂರಸಂಪರ್ಕ ಸಂಸ್ಥೆಗಳು ಒಂದುಗೂಡಿ ಎಫ್.ಎಸ್.ಎ.ಎನ್. ಎಂಬ ಕೂಟವನ್ನು ರಚಿಸಿಕೊಂಡುವು. ತಾವು ಕೊಳ್ಳಲಿರುವ ಯಂತ್ರ ಹೇಗಿರಬೇಕೆಂಬುದನ್ನು ಕೊಳ್ಳುವವರೇ ಕುಳಿತು ನಿಶ್ಚಯಿಸಿದುದು ಇದರ ವೈಶಿಷ್ಟ್ಯ. ಅವರ ಚಿಂತನೆಯ ಫಲವನ್ನು, 1865ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1998ರಲ್ಲಿ ಜಿ.983 ಎಂಬ ಮಾನದಂಡವಾಗಿ ಪ್ರಕಟಿಸಿತು. ಅದು ಸೆಕೆಂಡಿಗೆ 155 ಅಥವಾ 622 ಮೆಗಾಬಿಟ್ ವೇಗದ್ದು. ಅಂದು ಭವಿಷ್ಯದ ಭಾಷೆಯೆಂದು ನಂಬಲಾಗಿದ್ದ ಎ.ಟಿ.ಎಂ. ಪದ್ಧತಿಯನ್ನು ಅದು ಅವಲಂಬಿಸಿತ್ತು. ಆದರೆ ಲೋಕದ ಕಂಪ್ಯೂಟರುಗಳು ಈಥರ್‌ನೆಟ್ ಎಂಬ ಸರಳವಾದ ಬೇರೊಂದು ಪದ್ಧತಿಯನ್ನೇ ಒಲಿದುವು. ಪಂಡಿತರು ವಿಧಿಸಿದುದಕ್ಕಿಂತ ಜನರ ಬಳಕೆಯೇ ಬಲವಾಯಿತೆಂಬುದು ಭಾಷೆಯ ಚರಿತ್ರೆಯನ್ನು ಬಲ್ಲವರಿಗೆ ಅಚ್ಚರಿಯ ಸಂಗತಿಯಲ್ಲ.

ಮುಂದೆ ದಾರಿ ಎರಡಾಗಿ ಕವಲೊಡೆಯಿತು. ಒಕ್ಕೂಟವು 2003ರಿಂದ ಜಿ.984 ಎಂಬ ಮಾಲೆಯನ್ನು ಹೊರತಂದಿತು, ಇದೇ 'ಜಿ-ಪಾನ್'. ಕೇಂದ್ರದಿಂದ ಮನೆಯತ್ತ ಸೆಕೆಂಡಿಗೆ 2,488 ಮೆಗಾಬಿಟ್, ಮನೆಯಿಂದ ಕೇಂದ್ರದತ್ತ 1,244 ಮೆಗಾಬಿಟ್ ಇದರ ವೇಗ. ಅಮೆರಿಕದ ಇಂಜಿನಿಯರುಗಳ ಸಂಸ್ಥೆಯಾದ ಐ.ಇ.ಇ.ಇ. 2004ರಲ್ಲಿ ಎರಡು ಕಡೆಗೂ 1,000 ಮೆಗಾಬಿಟ್ ವೇಗದ 'ಇ-ಪಾನ್' ಮಾನದಂಡವನ್ನು ಅಂಗೀಕರಿಸಿತು. ಮೊದಲನೆಯದು ಟೆಲಿಫೋನ್ ಸಂಪ್ರದಾಯದಿಂದ ಬಂದುದು: ಸೆಕೆಂಡಿನ 8,000ದಲ್ಲಿ ಒಂದು ಪಾಲಿನ ಬಿಗಿಯಾದ ತಾಳ, ಅಚ್ಚುಕಟ್ಟಾದ ನಿಯಮ. ಎರಡನೆಯದು ಕಂಪ್ಯೂಟರ್ ಸಂಪ್ರದಾಯದ್ದು: ಸಡಿಲವಾದ ನಡೆ, ಅಗ್ಗದ ಬಿಡಿಭಾಗ. ಜಪಾನ್ ಎರಡನೆಯದನ್ನು ಬಹುವಾಗಿ ಅನುಸರಿಸಿತು. ಯುರೋಪ್ ಮತ್ತು ಅಮೆರಿಕಗಳು ಮೊದಲನೆಯದರತ್ತ ಒಲಿದುವು.

ಮಾನದಂಡ ಮುದ್ರಿತವಾದೊಡನೆ ಕಾರ್ಯ ಮುಗಿಯಲಿಲ್ಲವೆಂಬುದನ್ನೂ ಗಮನಿಸಬೇಕು. ಒಬ್ಬ ತಯಾರಕನ ಕೇಂದ್ರಯಂತ್ರಕ್ಕೆ ಇನ್ನೊಬ್ಬನ ಮನೆಯಂತ್ರವನ್ನು ಜೋಡಿಸಿದಾಗ ಬೆಳಕು ಬಂದರೂ ಮಾತು ಪೂರ್ಣವಾಗಿ ತಿಳಿಯುತ್ತಿರಲಿಲ್ಲ. ನಿರ್ವಹಣೆಯ ಸೂಚನೆಗಳನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಅರ್ಥೈಸಿದ್ದರು. ಸೂತ್ರವೊಂದೇ, ವೃತ್ತಿ ಹಲವು ಎಂಬಂತಾಗಿತ್ತು. ತತ್ಫಲವಾಗಿ ಕೂಡಿ ಪರೀಕ್ಷಿಸುವ ಶಿಬಿರಗಳು ನಡೆದುವು. 2010ರಲ್ಲಿ ನಿರ್ವಹಣೆಗೆಂದೇ ಜಿ.988 ಎಂಬ ಪ್ರತ್ಯೇಕ ಮಾನದಂಡ ಹೊರಬಿದ್ದಿತು. ಕೊಂಡವನು ಒಬ್ಬನೇ ಮಾರಾಟಗಾರನಿಗೆ ಸದಾ ಕಟ್ಟುಬೀಳದಿರಲು ಇದು ಅತ್ಯಗತ್ಯವಾಗಿದ್ದಿತು.

ಹಳತರೊಡನೆ ಹೊಸತು

ಈ ಶಾಸ್ತ್ರದ ಅತ್ಯಂತ ವಿವೇಕಯುತ ತತ್ತ್ವ ಸಹಬಾಳ್ವೆಯದು. ನೆಲವನ್ನು ಅಗೆದು ಹೂಳುವುದೇ ದೊಡ್ಡ ವೆಚ್ಚ. ಹೂಳಿದ ಗಾಜು ದಶಕಗಳ ಕಾಲ ಬಾಳುತ್ತದೆ. ಆದಕಾರಣ ಹೊಸ ಪೀಳಿಗೆ ಬಂದಾಗ ತಂತುವನ್ನಾಗಲಿ ಕವಲುಪೆಟ್ಟಿಗೆಯನ್ನಾಗಲಿ ಬದಲಿಸಕೂಡದೆಂದು ನಿರ್ಧರಿಸಲಾಯಿತು. ಜಿ-ಪಾನ್ 1,490 ಮತ್ತು 1,310 ನ್ಯಾನೋಮೀಟರ್ ತರಂಗಗಳಲ್ಲಿ ಮಾತನಾಡಿದರೆ, 2010ರಲ್ಲಿ ಬಂದ 10 ಗಿಗಾಬಿಟ್ ಪೀಳಿಗೆ 1,577 ಮತ್ತು 1,270ರಲ್ಲಿ ಮಾತನಾಡುತ್ತದೆ. ಒಂದೇ ತಂತುವಿನಲ್ಲಿ ಎರಡು ಬಣ್ಣಗಳ ಬೆಳಕು ಪರಸ್ಪರ ಬಾಧಿಸದೆ ಸಾಗುವುದರಿಂದ, ಒಂದು ಮನೆ ಹಳೆಯ ಯಂತ್ರದಲ್ಲಿ ತೃಪ್ತವಾಗಿರುವಾಗಲೇ ಪಕ್ಕದ ಮನೆ ಹೊಸದಕ್ಕೆ ಏರಬಹುದು. 2009ರ ಐ.ಇ.ಇ.ಇ. ಮಾನದಂಡವೂ ಇವೇ ತರಂಗಗಳನ್ನು ಆರಿಸಿಕೊಂಡುದರಿಂದ ಅಗಲಿದ ಎರಡು ಸಂಪ್ರದಾಯಗಳು ಬೆಳಕಿನ ಮಟ್ಟದಲ್ಲಾದರೂ ಸಮೀಪಕ್ಕೆ ಬಂದುವು. 2016ರಲ್ಲಿ ಎರಡು ದಿಕ್ಕಿಗೂ ಸಮಾನವಾದ 10 ಗಿಗಾಬಿಟ್, 2021ರಲ್ಲಿ 50 ಗಿಗಾಬಿಟ್‌ನ ಮಾನದಂಡಗಳು ಸಿದ್ಧವಾದುವು. ಜಾಲದ ಬೇರು ಮಾತ್ರ ಹಿಂದೆ ಹೂಳಿದ ಅದೇ ಗಾಜು.

ಭಾರತದಲ್ಲಿ

2004ರ ಭಾರತೀಯ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನಬಹುದಾಗಿತ್ತು. 2023ರಲ್ಲಿ ಆ ಮಿತಿಯನ್ನು 2 ಮೆಗಾಬಿಟ್‌ಗೆ ಏರಿಸಲಾಯಿತು. 2011ರ ಅಕ್ಟೋಬರಿನಲ್ಲಿ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ತಂತು ತಲಪಿಸುವ ಯೋಜನೆಗೆ ಕೇಂದ್ರ ಸರ್ಕಾರ ಸಮ್ಮತಿಯಿತ್ತಿತು. ಮುಂದೆ ಇದಕ್ಕೆ ಭಾರತ್‌ನೆಟ್ ಎಂಬ ಹೆಸರಾಯಿತು. ಇದಕ್ಕೆ ಜಿ-ಪಾನ್ ಮಾನದಂಡವನ್ನು ಆರಿಸಿಕೊಳ್ಳಲಾಯಿತು. 1984ರಲ್ಲಿ ಸ್ಥಾಪಿತವಾದ ಸರ್ಕಾರಿ ಸಂಶೋಧನ ಕೇಂದ್ರ ಸಿ-ಡಾಟ್ ಈ ಯಂತ್ರಗಳನ್ನು ಸ್ವದೇಶದಲ್ಲಿಯೇ ರೂಪಿಸಿತು. ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಸಂಸ್ಥೆಯೂ ಈ ಯೋಜನೆಗೆ ಯಂತ್ರಗಳನ್ನು ಒದಗಿಸಿತು. ನಿಯಮಗಳು ಬಹಿರಂಗವಾಗಿದ್ದುದರಿಂದಲೇ ತಡವಾಗಿ ಹೊರಟ ದೇಶವೂ ಈ ಕ್ಷೇತ್ರದೊಳಗೆ ಕಾಲಿಡಲು ಸಾಧ್ಯವಾಯಿತು.

ಆದರೆ ಮಾನದಂಡದ ಕೈ ಎಲ್ಲಿಯವರೆಗೆ ನೀಡಬಲ್ಲದು ಎಂಬ ಪಾಠವೂ ಇಲ್ಲಿದೆ. ಯೋಜನೆಯ ಆರಂಭದ ಹಂತಗಳಲ್ಲಿ ತಂತು ಮುಖ್ಯವಾಗಿ ಒಂದೇ ದಾರಿಯಲ್ಲಿ ಸಾಗಿದ್ದಿತು. ರಸ್ತೆ ಅಗೆಯುವಾಗ ಒಂದೆಡೆ ತುಂಡಾದರೆ ಅದರಾಚೆಗಿನ ಪಂಚಾಯಿತಿಗಳೆಲ್ಲ ಒಮ್ಮೆಗೇ ಮೂಕವಾಗುವ ಸ್ಥಿತಿಯದು. ಯಂತ್ರ ಶುದ್ಧ, ನಿಯಮ ಶುದ್ಧ. ದಾರಿ ಮಾತ್ರ ದುರ್ಬಲ. ಇದನ್ನು ಮನಗಂಡು 2023ರಲ್ಲಿ ಪರಿಷ್ಕೃತ ಯೋಜನೆಗೆ 1,39,579 ಕೋಟಿ ರೂಪಾಯಿ ಮಂಜೂರಾಗಿ, 2.64 ಲಕ್ಷ ಪಂಚಾಯಿತಿಗಳನ್ನು ಉಂಗುರದಾಕಾರದ ಜಾಲದಲ್ಲಿ ಬೆಸೆಯಲು ತೀರ್ಮಾನಿಸಲಾಯಿತು. ಉಂಗುರದಲ್ಲಿ ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಬೆಳಕು ಬರುತ್ತದೆ.

ಉಪಸಂಹಾರ

ಕೇಶಿರಾಜನ ವ್ಯಾಕರಣ ಕನ್ನಡವನ್ನು ಸೃಷ್ಟಿಸಲಿಲ್ಲ. ಪೂರ್ವಕವಿಗಳ ಪ್ರಯೋಗವನ್ನು ಪರಿಶೀಲಿಸಿ ಅದಕ್ಕೊಂದು ವ್ಯವಸ್ಥೆಯನ್ನು ಕಲ್ಪಿಸಿತು. ಬೆಳಕಿನ ಜಾಲದ ಮಾನದಂಡಗಳೂ ಅಂಥವೇ. ಪ್ರಯೋಗ ಮುಂದೆ ನಡೆಯಿತು, ನಿಯಮ ಹಿಂದಿನಿಂದ ಬಂದಿತು. ಬಂದ ಮೇಲೆ ಎಲ್ಲರಿಗೂ ಒಂದೇ ಆಯಿತು. ಒಂದು ಜಿ-ಪಾನ್ ತಂತುವನ್ನು 32 ಮನೆಗಳು ಹಂಚಿಕೊಂಡರೆ, ಎಲ್ಲರೂ ಏಕಕಾಲದಲ್ಲಿ ಬೇಡಿದಾಗ ಒಬ್ಬೊಬ್ಬರ ಪಾಲಿಗೆ ಬರುವುದು ಸುಮಾರು 77 ಮೆಗಾಬಿಟ್. ಒಬ್ಬನು ಸುಮ್ಮನಿದ್ದಾಗ ಅವನ ಪಾಲು ಬೇಡಿದವನಿಗೆ ಸಲ್ಲುತ್ತದೆ. ಸಿರಿವಂತನ ಮನೆಯೆಂದಾಗಲಿ ಬಡವನ ಮನೆಯೆಂದಾಗಲಿ ಬೆಳಕು ಭೇದವೆಣಿಸದು. ಭೇದ ಹುಟ್ಟುವುದು ತಂತು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂಬಲ್ಲಿ. ನಿಯಮವನ್ನು ರೂಪಿಸುವ ಕಾರ್ಯ ಬಹುಮಟ್ಟಿಗೆ ನೆರವೇರಿದೆ. ತಂತುವನ್ನು ಕೊನೆಯ ಊರಿಗೆ ಒಯ್ಯುವುದು, ಒಯ್ದುದನ್ನು ಕಡಿಯದಂತೆ ಕಾಯುವುದು, ಕಡಿದಾಗ ಬೆಸೆಯಬಲ್ಲ ಕೈಗಳನ್ನು ಆಯಾ ಊರಿನಲ್ಲಿಯೇ ತರಬೇತುಗೊಳಿಸುವುದು ಇನ್ನೂ ಉಳಿದಿದೆ. ಇದು ವಿದ್ಯಾಸಂಸ್ಥೆಗಳ ಪಾಲಿಗೂ ಬಂದಿರುವ ಹೊಣೆಯೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.