ನಳಿಕೆ ಒಪ್ಪಿದ ತೋಟಾ

ಯಾವ ತೋಟಾ ಕೊಳ್ಳಲಿ ಎಂದು ಕೇಳಿದ್ದೀಯ. ಒಂದು ಕಂಪನಿಯ ಹೆಸರು ಹೇಳಿಬಿಟ್ಟರೆ ಸಾಕು ಎಂದು ನೀನು ಎಣಿಸಿರಬೇಕು. ಹಾಗೆ ಹೇಳಿ ಕೈತೊಳೆದುಕೊಂಡರೆ ನಿನಗೆ ಅನ್ಯಾಯ ಮಾಡಿದಂತಾಗುತ್ತದೆ. ಪಾಯಿಂಟ್ ಟೂ ಟೂ ರೈಫಲ್‌ಗೆ ತೋಟಾ ಆರಿಸುವುದು ಕೋಚ್ ಅಲ್ಲ, ಅಂಗಡಿಯವನಲ್ಲ, ಪದಕ ಗೆದ್ದವರೂ ಅಲ್ಲ. ಆರಿಸುವುದು ನಿನ್ನ ರೈಫಲ್‌ನ ನಳಿಕೆ. ಯಾವುದನ್ನು ಅದು ಒಪ್ಪಿತು, ಯಾವುದನ್ನು ಒಪ್ಪಲಿಲ್ಲ ಎಂದು ಕಾಗದದ ಮೇಲೆ ಓದಿಕೊಳ್ಳುವ ತಾಳ್ಮೆಯಷ್ಟೇ ನಿನ್ನದು.

ಮೊದಲು ಈ ತೋಟಾದ ಗುಣ ತಿಳಿದುಕೋ. ದೊಡ್ಡ ರೈಫಲ್‌ನ ತೋಟಾದಲ್ಲಿ ಸಿಡಿಯುವ ಕ್ಯಾಪ್ ಬುಡದ ನಟ್ಟನಡುವೆ ಬೇರೆಯಾಗಿ ಕೂತಿರುತ್ತದೆ. ರಿಮ್‌ಫೈರ್ ಎನ್ನುವ ನಿನ್ನ ತೋಟಾದಲ್ಲಿ ಆ ಸಿಡಿಮದ್ದು ಹಿತ್ತಾಳೆ ಕೋಶದ ಅಂಚಿನ ಮಡಿಕೆಯೊಳಗೇ ಸುತ್ತಲೂ ಹರಡಿರುತ್ತದೆ. ಪಿನ್ ಆ ಅಂಚನ್ನು ಜಜ್ಜಿದಾಗ ಮದ್ದು ಹೊತ್ತಿಕೊಳ್ಳುತ್ತದೆ. ಜಜ್ಜಲು ಬರಬೇಕಾದರೆ ಕೋಶ ತೆಳ್ಳಗಿರಲೇಬೇಕು, ಒಮ್ಮೆ ಹೊಡೆದ ಮೇಲೆ ಅದನ್ನು ಮತ್ತೆ ತುಂಬಲಾಗದು. 1857ರಲ್ಲಿ ಸ್ಮಿತ್ ಅಂಡ್ ವೆಸ್ಸನ್‌ನ ಪುಟ್ಟ ರಿವಾಲ್ವರ್ ಜೊತೆ ಬಂದ .22 ಶಾರ್ಟ್, 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿ ತಂದ .22 ಲಾಂಗ್ ರೈಫಲ್, ಇಂದು ನೀನು ಹಿಡಿದಿರುವುದು, ಎಲ್ಲದರ ರಚನೆಯೂ ಅದೇ. ಸೆಂಟರ್‌ಫೈರ್‌ನವರು, ಅಂದರೆ ಕ್ಯಾಪ್ ನಡುವೆ ಇರುವ ತೋಟಾ ಹೊಡೆಯುವವರು, ಮನೆಯಲ್ಲೇ ಮದ್ದು ತೂಗಿ, ಗುಂಡು ಕೂರಿಸಿ, ತಮ್ಮ ಕೋವಿಗೆ ಹೊಂದುವ ತೋಟಾ ತಾವೇ ಕಟ್ಟಿಕೊಳ್ಳುತ್ತಾರೆ. ನಮಗೆ ಆ ದಾರಿ ಇಲ್ಲ. ಕಾರ್ಖಾನೆ ಕೊಟ್ಟದ್ದರಲ್ಲಿ ಆರಿಸಿಕೊಳ್ಳುವುದೊಂದೇ ನಮ್ಮ ಕೈಯಲ್ಲಿರುವ ಕೆಲಸ. ಅದಕ್ಕೇ ಅದನ್ನು ಉದಾಸೀನದಿಂದ ಮಾಡಬೇಡ ಎನ್ನುತ್ತೇನೆ.

ಅಂಗಡಿಯಲ್ಲಿ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ವೇಗ ಬರೆದಿರುತ್ತದೆ. ನಿನ್ನ ವಯಸ್ಸಿನವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಗುರಿಗೆ ಹೊಡೆಯುವವನಿಗೆ ವೇಗ ಬೇಡ. ಸ್ಟ್ಯಾಂಡರ್ಡ್ ತೋಟಾದ 40 ಗ್ರೇನ್ ಗುಂಡು, ಅಂದರೆ ಸುಮಾರು 2.6 ಗ್ರಾಮ್ ಸೀಸ, ಸೆಕೆಂಡಿಗೆ 325 ಮೀಟರ್ ಆಸುಪಾಸಿನಲ್ಲಿ ನಳಿಕೆ ಬಿಡುತ್ತದೆ. 20 ಡಿಗ್ರಿ ಬಿಸಿಯ ಗಾಳಿಯಲ್ಲಿ ಶಬ್ದದ ವೇಗ 343 ಮೀಟರ್. ಗುಂಡು ಮೊದಲಿನಿಂದ ಕೊನೆಯವರೆಗೂ ಶಬ್ದಕ್ಕಿಂತ ಕೆಳಗೇ ಇರುತ್ತದೆ. ಹೈ ವೆಲಾಸಿಟಿ ತೋಟಾ 380ರ ಸುಮಾರಿಗೆ ಹೊರಟು, ದಾರಿಯಲ್ಲಿ ಶಬ್ದದ ವೇಗವನ್ನು ದಾಟಿ ಕೆಳಗಿಳಿಯಬೇಕು. ಆ ಇಳಿತದಲ್ಲಿ ಅದು ನಡುಗುತ್ತದೆ, ಹಾದಿ ಕದಡುತ್ತದೆ. ಗಾಳಿಯ ವಿಷಯದಲ್ಲಂತೂ ಹೊಸಬರು ನಂಬುವುದೇ ಇಲ್ಲ: ಅಡ್ಡಗಾಳಿಯಲ್ಲಿ ಹೆಚ್ಚು ಸರಿಯುವುದು ವೇಗದ ಗುಂಡೇ. ಗಾಳಿ ಗುಂಡನ್ನು ಎಷ್ಟು ಪಕ್ಕಕ್ಕೆ ಸರಿಸುತ್ತದೆ ಎಂಬುದನ್ನು ನಿರ್ಧರಿಸುವುದು ಗುಂಡು ದಾರಿಯಲ್ಲಿ ಎಷ್ಟು ವೇಗ ಕಳೆದುಕೊಂಡಿತು ಎಂಬುದು. ಶಬ್ದದ ವೇಗದ ಹತ್ತಿರ ಗಾಳಿಯ ತಡೆ ಏಕಾಏಕಿ ಏರುವುದರಿಂದ ಜೋರಾಗಿ ಹೊರಟದ್ದು ಜೋರಾಗಿಯೇ ಸೋಲುತ್ತದೆ. ಮಧ್ಯಾಹ್ನ ರೇಂಜ್‌ನ ಬಾವುಟ ಅಲ್ಲಾಡುವಾಗ ಎರಡನ್ನೂ ಹೊಡೆದು ನೋಡು, ನನ್ನ ಮಾತಿನ ಅಗತ್ಯವೇ ಇರುವುದಿಲ್ಲ.

ನಿನಗೆ ಬೇಕಾದ ಗುಣ ಸಮತೆ. 50 ಮೀಟರ್ ಟಾರ್ಗೆಟ್‌ನಲ್ಲಿ ಹತ್ತರ ವೃತ್ತದ ಅಗಲ 10.4 ಮಿಲಿಮೀಟರ್. ಗುಂಡಿನ ದಪ್ಪವೇ 5.6. ಒಂದು ವೃತ್ತಕ್ಕೂ ಮುಂದಿನದಕ್ಕೂ ನಡುವೆ 8 ಮಿಲಿಮೀಟರ್. ಈಗ ಲೆಕ್ಕ ಹಾಕು: ಒಂದೇ ಡಬ್ಬಿಯ ಎರಡು ತೋಟಾಗಳ ವೇಗದಲ್ಲಿ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸವಿದ್ದರೆ, ನೆಲದ ಸೆಳೆತದಿಂದಲೇ ಆ ಎರಡು ಗುಂಡುಗಳು ಗುರಿಯಲ್ಲಿ ಸುಮಾರು 8 ಮಿಲಿಮೀಟರ್ ಮೇಲೆಕೆಳಗಾಗಿ ಬೀಳುತ್ತವೆ. ಪೂರಾ ಒಂದು ವೃತ್ತ! ನಿನ್ನ ಉಸಿರು ಸರಿ, ಟ್ರಿಗರ್ ಸರಿ, ಒಂಬತ್ತು ಮಾತ್ರ ಬಂತು. ಅಂಥ ಹೊತ್ತಿನಲ್ಲಿ ಹುಡುಗರು ತಮ್ಮನ್ನೇ ಬೈದುಕೊಂಡು, ಸರಿಯಾಗಿದ್ದ ಭಂಗಿಯನ್ನು ಕೆಡಿಸಿಕೊಳ್ಳುವುದನ್ನು ನೋಡಿ ನನಗೆ ತುಂಬ ಸಂಕಟವಾಗುತ್ತದೆ. ತೋಟಾ ಚೆನ್ನಾಗಿರಬೇಕು ಎಂದು ನಾನು ಹಟ ಹಿಡಿಯುವುದು ಅಂಕಕ್ಕಾಗಿ ಮಾತ್ರ ಅಲ್ಲ. ತಪ್ಪು ಯಾರದು ಎಂದು ಕಲಿಯುವವನಿಗೆ ಖಚಿತವಾಗಿ ಗೊತ್ತಾಗಬೇಕು.

ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಯಲ್ಲಿ ಕಂಚು ಗೆದ್ದಾಗ, ನಿನ್ನ ಓರಗೆಯವರು ಅವರ ತೋಟಾ ಯಾವುದು ಎಂದು ವಿಚಾರಿಸುತ್ತಿದ್ದರು. ಆ ಹೆಸರು ತಿಳಿದರೂ ಅರ್ಧ ತಿಳಿದಂತೆ ಅಷ್ಟೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಈಲಿ ಟೆನೆಕ್ಸ್ ಆಗಲಿ, ಲಾಪುವಾ ಆಗಲಿ, ಜರ್ಮನಿಯ ಆರ್‌ಡಬ್ಲ್ಯೂಎಸ್ ಆಗಲಿ, ಒಂದೇ ಹೆಸರಿನ ಎರಡು ಲಾಟ್, ಅಂದರೆ ಬೇರೆ ಬೇರೆ ಬಾರಿ ತಯಾರಾದ ಎರಡು ಕಂತು, ಒಂದೇ ನಳಿಕೆಯಲ್ಲಿ ಒಂದೇ ರೀತಿ ಹೋಗುತ್ತವೆಂಬ ಭರವಸೆ ಇಲ್ಲ. ಡಬ್ಬಿಯ ಮೇಲಿನ ಹೆಸರಿಗಿಂತ ಅದರ ಮೇಲೆ ಸಣ್ಣದಾಗಿ ಅಚ್ಚಾದ ಲಾಟ್ ಸಂಖ್ಯೆ ಮುಖ್ಯ. ಮದುವೆಗೆ ಒಂದೇ ಬಣ್ಣದ ನೂಲು ಬೇಕೆಂದು ಮಗ್ಗದವರು ಒಂದೇ ಬಾನಿಯಲ್ಲಿ ಅದ್ದಿದ್ದನ್ನೇ ಕೇಳಿ ತರುವುದಿಲ್ಲವೇ, ಹಾಗೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಈಲಿಯವರದೂ ಜರ್ಮನಿಯ ಶೋನೆಬೆಕ್‌ನಲ್ಲಿ ಲಾಪುವಾದವರದೂ ಪರೀಕ್ಷಾ ರೇಂಜ್‌ಗಳಿವೆ. ಶೂಟರ್‌ಗಳು ಸ್ವಂತ ರೈಫಲ್ ಹೊತ್ತೊಯ್ದು ಲಾಟ್ ಮೇಲೆ ಲಾಟ್ ಹೊಡೆಸಿ, ಹೊಂದಿದ್ದನ್ನು ಕೊಂಡು ತರುತ್ತಾರೆ.

ನಿನಗೆ ಸದ್ಯ ಅಷ್ಟು ದೂರ ಹೋಗಲಾಗದು. ಕ್ಲಬ್‌ಗೆ ಸರಕು ಬಂದಾಗ ಸಿಗುವ ಲಾಟ್‌ಗಳಲ್ಲಿ ಒಂದೊಂದು ಡಬ್ಬಿ ಮಾತ್ರ ತೆಗೆದುಕೋ. ಗಾಳಿ ಏಳುವ ಮೊದಲೇ ಬೆಳಿಗ್ಗೆ ಹೋಗು. ರೈಫಲ್ ಅನ್ನು ಭದ್ರವಾದ ಆಸರೆಯ ಮೇಲಿಡು, ನಿನ್ನ ಕೈಚಳಕ ಇದರಲ್ಲಿ ಬೆರೆಯಬಾರದು. ಪ್ರತಿ ಗುಂಡಿಗೂ ಮೇಣದ ಲೇಪ ಇರುತ್ತದೆ. ತೋಟಾ ಬದಲಾಯಿಸಿದಾಗ ಹಳೆಯ ಮೇಣ ಕಳೆದು ಹೊಸದು ನಳಿಕೆಗೆ ಹಿಡಿಯುವ ತನಕ ಹತ್ತಿಪ್ಪತ್ತು ಗುಂಡು ಲೆಕ್ಕಕ್ಕಿಲ್ಲ. ಆಮೇಲೆ ಹತ್ತು ಹತ್ತರ ಗುಂಪು ಹೊಡೆ. ಒಳ್ಳೆಯ ಗುಂಪೊಂದು ಬಂದ ತಕ್ಷಣ ಅದರ ಫೋಟೋ ತೆಗೆದು ಎಲ್ಲರಿಗೂ ಕಳಿಸುವ ಚಟ ಬಿಡು. ನೀನು ನೋಡಬೇಕಾದದ್ದು ಎಲ್ಲಕ್ಕಿಂತ ಕೆಟ್ಟ ಗುಂಪನ್ನು. ಪಂದ್ಯದ ಅರವತ್ತು ಗುಂಡಿನಲ್ಲಿ ಗುಂಪಿನಿಂದ ಹೊರಗೆ ಹಾರುವ ಒಂದೆರಡೇ ನಿನ್ನನ್ನು ಫೈನಲ್‌ನಿಂದ ಹೊರಗಿಡುತ್ತವೆ. ಯಾವ ಲಾಟ್ ಹಾಗೆ ಹಾರಿಸುವುದಿಲ್ಲವೋ ಅದನ್ನು ಆರಿಸು. ಆರಿಸಿದ ದಿನವೇ, ನಿನ್ನ ಅನುಮತಿಯ ಮಿತಿಯೂ ಅಪ್ಪನ ಜೇಬೂ ಎಷ್ಟಕ್ಕೆ ಒಪ್ಪುತ್ತವೋ ಅಷ್ಟನ್ನೂ ಕೊಂಡುಬಿಡು. ಮುಂದಿನ ತಿಂಗಳು ಅದೇ ಲಾಟ್ ಸಿಗುವುದಿಲ್ಲ.

ದಿನದ ಅಭ್ಯಾಸಕ್ಕೆ ದುಬಾರಿ ತೋಟಾ ಬೇಡ. ಶೋನೆಬೆಕ್‌ನಿಂದಲೇ ಬರುವ ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್‌ನಂಥದು ಧಾರಾಳವಾಗಿ ಸಾಕು. ಪಂದ್ಯ ಹತ್ತಿರವಾದಾಗ ಪಂದ್ಯದ ಲಾಟ್‌ಗೆ ಬಾ, ಸೈಟ್ ಅದಕ್ಕೇ ಕೂರಿಸು. ಡಿಸೆಂಬರ್ ಬೆಳಿಗ್ಗೆ ದೆಹಲಿಯ ಕರ್ಣಿ ಸಿಂಗ್ ರೇಂಜ್‌ನ ಚಳಿಯಲ್ಲಿ ಮೇಣ ಗಟ್ಟಿಯಾಗುತ್ತದೆ, ಮದ್ದಿನ ವೇಗವೂ ಇಳಿಯುತ್ತದೆ. ಬೆಂಗಳೂರಿನ ಸೈಟ್ ಅಲ್ಲಿ ನಡೆಯದು. ತೋಟಾಗಳನ್ನು ಒಂದೊಂದಾಗಿ ತೂಗಿ, ಅಂಚಿನ ದಪ್ಪ ಅಳೆದು ಬೇರ್ಪಡಿಸುವವರೂ ಇದ್ದಾರೆ. ಆ ಹೊತ್ತನ್ನು ಡ್ರೈ ಫೈರಿಂಗ್‌ಗೆ ಕೊಡು, ಹೆಚ್ಚು ಅಂಕ ಬರುತ್ತದೆ. ಅದಕ್ಕೂ ಮೊದಲು ಕೈಪಿಡಿ ನೋಡು: ಕೆಲವು ರಿಮ್‌ಫೈರ್ ರೈಫಲ್‌ಗಳಲ್ಲಿ ಖಾಲಿ ಹೊಡೆದರೆ ಪಿನ್ ನಳಿಕೆಯ ಅಂಚಿಗೇ ಬಡಿಯುತ್ತದೆ.

ತೋಟಾ ಸಿಡಿಯದಿದ್ದರೆ ಬೋಲ್ಟ್ ಎಳೆಯಲು ಅವಸರಪಡಬೇಡ. ಮೂತಿ ಗುರಿಯ ಕಡೆಗೇ ಇರಲಿ, ಅರ್ಧ ನಿಮಿಷ ಕಾಯಿ. ಸದ್ದು ಮಂದವಾಗಿ ಬಂದರೆ ಇನ್ನೊಂದು ತುಂಬಬೇಡ, ಗುಂಡು ನಳಿಕೆಯಲ್ಲೇ ನಿಂತಿರಬಹುದು. ರೈಫಲ್ ಖಾಲಿ ಮಾಡಿ ನಳಿಕೆಯೊಳಗೆ ನೋಡು.

ನಮ್ಮ ಕೊಡಗಿನ ವಿಷಯ ಬೇರೆಯಾಗಿ ಹೇಳಬೇಕು. ಕೋವಿಯ ಪರವಾನಗಿಯಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುತ್ತೇವೆ, ತೆಂಗಿನಕಾಯಿಗೆ ಗುರಿಯಿಡುತ್ತೇವೆ. ಆ ವಿನಾಯಿತಿ ಬೇಟೆಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೊಲವಾಗಲಿ ಕಾಡುಕೋಳಿಯಾಗಲಿ ಹೊಡೆದರೆ ಅದು ಅಪರಾಧ. ಹಳಬರ ಶಿಕಾರಿ ಕಥೆ ಕೇಳು, ಖುಷಿಪಡು. ತೋಟದಲ್ಲಿ ಹೆಜ್ಜೆ ಕಂಡಿತೆಂದು ಪಾಯಿಂಟ್ ಟೂ ಟೂ ಹಿಡಿದು ಹೊರಡಬೇಡ.

ನಿನ್ನ ಅಕ್ಕನ ಮಾತು ಬೇರೆ. ಅವಳಿರುವ ಪೆನ್ಸಿಲ್ವೇನಿಯಾದಲ್ಲಿ ಲೈಸೆನ್ಸ್ ಪಡೆದು, ಋತುವಿನಲ್ಲಿ, ಬೂದು ಅಳಿಲನ್ನೂ ಮೊಲವನ್ನೂ ಹೊಡೆದು ತಿನ್ನುವುದು ಅಲ್ಲಿಯ ಜನರ ನಡೆ. ನೆರೆಯವರ ಜೊತೆ ಹೋಗುತ್ತಾಳಂತೆ. ಅವಳಿಗೆ ಇದನ್ನು ಓದಿ ಹೇಳು. ಕಾಗದಕ್ಕೆ ಒಗ್ಗುವ ದುಂಡುಮೂತಿಯ ಗುಂಡು ಪ್ರಾಣಿಗೆ ಕ್ರೂರ. ಸಣ್ಣ ತೂತು ಮಾಡಿ ಆಚೆ ಹೋಗಿಬಿಡುತ್ತದೆ, ಗಾಯಗೊಂಡ ಜೀವ ಪೊದೆಯೊಳಗೆ ಹೋಗಿ ಸಾಯುತ್ತದೆ. ಮೂತಿ ಟೊಳ್ಳಾದ ಹಾಲೋ ಪಾಯಿಂಟ್ ಒಳಗೆ ಅರಳಿ ಅಲ್ಲೇ ಕೆಲಸ ಮುಗಿಸುತ್ತದೆ. ಇಲ್ಲಿ ಹೈ ವೆಲಾಸಿಟಿಗೂ ಒಂದು ಜಾಗ ಉಂಟು, ಅದೂ ಅವಳ ರೈಫಲ್ ಅದನ್ನು ಒಂದೆಡೆ ಹೊಡೆದರೆ ಮಾತ್ರ. 2002ರಲ್ಲಿ ಹಾರ್ನಡಿ ತಂದ .17 ಎಚ್‌ಎಂಆರ್ ತೀರ ವೇಗದ್ದು, 17 ಗ್ರೇನ್ ಗುಂಡು ಸೆಕೆಂಡಿಗೆ 775 ಮೀಟರ್ ದಾಟುತ್ತದೆ. ಮೈಗೆ ತಾಗಿದರೆ ಅಳಿಲಿನ ಮಾಂಸ ಉಳಿಯುವುದಿಲ್ಲ. ತಿನ್ನಲು ಹೊಡೆಯುವವರಿಗೆ ಲಾಂಗ್ ರೈಫಲ್ಲೇ ಸಾಕು.

ದೂರದ ಮಿತಿಯನ್ನು ಡಬ್ಬಿ ಹೇಳುವುದಿಲ್ಲ, ಅವಳ ಕೈ ಹೇಳಬೇಕು. ಕಾಡಿನಲ್ಲಿ ಕೂರುವ ಭಂಗಿಯಲ್ಲೇ ಐದು ಗುಂಡನ್ನು 25 ಮಿಲಿಮೀಟರ್ ಅಗಲದೊಳಗೆ ಎಷ್ಟು ದೂರದಿಂದ ತಪ್ಪದೆ ಇಡಬಲ್ಲಳೋ ಅದೇ ಅವಳ ದೂರ. ಅದಕ್ಕಿಂತ ಆಚೆ ಅಳಿಲು ಕಂಡರೆ ನೋಡಿ ಸಂತೋಷಪಡಲಿ. ಕೊಂಬೆಯ ತುದಿಯಲ್ಲಿ ಆಕಾಶಕ್ಕೆ ಎದುರಾಗಿ ಕೂತಿದ್ದನ್ನು ಎಷ್ಟು ಹತ್ತಿರವಿದ್ದರೂ ಹೊಡೆಯಬಾರದು. ಈ ಪುಟ್ಟ ಗುಂಡು ಮೇಲ್ಮುಖವಾಗಿ ಹೊರಟರೆ ಒಂದು ಮೈಲಿಗೂ ಆಚೆ, ಯಾರದೋ ಅಂಗಳದಲ್ಲಿ ಬೀಳಬಹುದು. ಹಿಂದೆ ದಪ್ಪ ಕಾಂಡವೋ ಮಣ್ಣಿನ ದಿಬ್ಬವೋ ಇರಲಿ.

ಸೀಸದ ಮಾತು ಇಬ್ಬರಿಗೂ ಸೇರಿದ್ದು. ಬಿಟ್ಟುಹೋದ ಮಾಂಸದೊಳಗಿನ ಸೀಸದ ಚೂರು ತಿಂದು ಹದ್ದುಗಳು ಸಾಯುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡೇ ನಿಷಿದ್ಧ. ಅವಳ ರೈಫಲ್ ತಾಮ್ರದ ಗುಂಡನ್ನು ಒಪ್ಪುತ್ತದೆಯೇ ಎಂದು ಅವಳೂ ಹೊಡೆದು ನೋಡಲಿ. ನೀನು ಹೊಡೆಯುವುದು ಸೀಸವೇ. ಅದರ ಧೂಳು ಕೈಗೆ, ತೋಳಿಗೆ, ಅಂಗಿಗೆ ಹತ್ತುತ್ತದೆ. ರೇಂಜ್‌ನಲ್ಲಿ ತಿಂಡಿ ತಿನ್ನಬೇಡ. ಮುಗಿಸಿದ ಕೂಡಲೇ ಸೋಪು ಹಚ್ಚಿ ತಣ್ಣೀರಿನಲ್ಲಿ ಮೊಣಕೈವರೆಗೆ ತೊಳೆ. ಮನೆಗೆ ಬಂದು ಆ ಅಂಗಿ ತೆಗೆದು ಬೇರೆ ಹಾಕು, ಆಮೇಲೆ ತಂಗಿಯ ಮಗುವನ್ನು ಎತ್ತಿಕೋ.